ಶಿವಪುತ್ರನ ಬ್ರೇಕು

ಕಲ್ಲಾಪುರದ ಕ್ರಾಸು ಕಣ್ಣಿಗೆ ಬೀಳುವ ಮೊದಲೇ ವ್ಯಾನು ವೇಗ ತಗ್ಗಿಸಿತು. ಯಾರ ಕೈಯೂ ಸೋಕದೆ ಸ್ಟೇರಿಂಗು ಎಡಕ್ಕೆ ಒಂದಿಷ್ಟು ಹೊರಳಿತು. ರಸ್ತೆಯ ತಗ್ಗು ಎರಡು ಗಾಲಿಗಳ ಮಧ್ಯೆ ಹಾದುಹೋಯಿತು. ಸ್ಟೇರಿಂಗು ಮತ್ತೆ ನೆಟ್ಟಗಾಯಿತು. ಹಿಂದೆ ಸಾಲಾಗಿ ಜೋಡಿಸಿದ್ದ ಜೇನುಪೆಟ್ಟಿಗೆಗಳಲ್ಲಿ ಒಂದೂ ಕದಲಲಿಲ್ಲ. ಚಾಲಕನ ಸೀಟಿನಲ್ಲಿದ್ದ ಫಕ್ಕೀರೇಶ ಕೈಕಟ್ಟಿ ಕುಳಿತಿದ್ದ. ಸೀಟಿನಲ್ಲಿ ಒಬ್ಬ ಮನುಷ್ಯ ಇರಲೇಬೇಕೆಂಬ ಕಾನೂನಿಗಾಗಿ ಅವನು ಅಲ್ಲಿದ್ದ, ಅಷ್ಟೇ. ಗಾಡಿ ಓಡಿಸುತ್ತಿದ್ದವನು ಶಿವಪುತ್ರ. ಶಿವಪುತ್ರ ಸತ್ತು ಆರು ವರ್ಷವಾಗಿತ್ತು.

ಫಕ್ಕೀರೇಶ ಒಳಗನ್ನಡಿಯಲ್ಲಿ ಹಿಂದಕ್ಕೆ ನೋಡಿದ. ಪೆಟ್ಟಿಗೆಗಳ ನಡುವೆ ಮಣೆ ಹಾಕಿಕೊಂಡು ಕುಳಿತಿದ್ದ ಅವನ ಹೆಂಡತಿ ದಾನಮ್ಮ, ವ್ಯಾನು ನಿಧಾನವಾದ ಆ ಗಳಿಗೆಯಲ್ಲಿ ಕಣ್ಣು ಮುಚ್ಚಿ ಒಂದು ಪೆಟ್ಟಿಗೆಗೆ ತಲೆ ಆನಿಸಿದ್ದಳು. ಅವಳ ಮುಖದಲ್ಲಿ ನಗುವಿನಂಥದ್ದೇನೋ ಹಾದುಹೋಯಿತು. ಫಕ್ಕೀರೇಶ ಕಟ್ಟಿದ ಕೈಗಳನ್ನು ಇನ್ನಷ್ಟು ಬಿಗಿದ. ಪ್ರತಿಸಲವೂ ಹೀಗೆಯೇ. ಸತ್ತವನು ಬ್ರೇಕು ಒತ್ತುತ್ತಾನೆ, ಅವಳು ಕಣ್ಣು ಮುಚ್ಚುತ್ತಾಳೆ, ಬದುಕಿರುವ ತಾನು ಕನ್ನಡಿಯಲ್ಲಿ ಅದನ್ನು ನೋಡುತ್ತ ಕೂತಿರಬೇಕು.

ಆ ಕಾಲಕ್ಕೆ ತಾನಾಗಿ ಓಡುವ ಗಾಡಿಗಳು ಹೊಸದಾಗಿರಲಿಲ್ಲ. ಎದುರಿಗೆ ಬರುವ ಜನ, ದನ, ವಾಹನಗಳನ್ನು ನೋಡಿ ನಿಲ್ಲುವ ಕಣ್ಣು ಎಲ್ಲ ಗಾಡಿಗಳಿಗೂ ಇತ್ತು. ಆದರೆ ಕಣ್ಣಿದ್ದ ಮಾತ್ರಕ್ಕೆ ಓಡಿಸುವ ಹದ ಬರುವುದಿಲ್ಲ. ಆ ಹದವನ್ನು ಗಾಡಿಗೆ ಕಲಿಸಿದ್ದು ಧಾರವಾಡದ ವಿಜ್ಞಾನಿ ಡಾ. ಅಂಬುಜಾ ಇಟಗಿ ಕಂಡುಹಿಡಿದ ‘ಛಾಯಾಚಾಲಕ’. ಅಂಗೈಯಗಲದ ಈ ಗಣಕವನ್ನು ಗಾಡಿಗೆ ಜೋಡಿಸಿ, ನುರಿತ ಚಾಲಕನೊಬ್ಬ ತನ್ನ ದಾರಿಗಳಲ್ಲಿ ಒಂದೆರಡು ವರ್ಷ ಓಡಿಸಿದರೆ ಸಾಕು. ಅವನ ಕಾಲು ಎಲ್ಲಿ ಬ್ರೇಕನ್ನು ಎಷ್ಟು ಒತ್ತಿತು, ಕೈ ಎಲ್ಲಿ ಎಷ್ಟು ತಿರುಗಿತು ಎಂಬುದೆಲ್ಲ ಅದರೊಳಗೆ ಇಳಿದುಬಿಡುತ್ತಿತ್ತು. ಆಮೇಲೆ ಆ ಚಾಲಕ ಇರಲಿ ಇಲ್ಲದಿರಲಿ, ಗಾಡಿ ಅವನಂತೆಯೇ ಓಡುತ್ತಿತ್ತು.

‘ಎಲ್ಲಿ’ ಎಂಬುದನ್ನು ಛಾಯಾಚಾಲಕ ಗಾಲಿಯ ಸುತ್ತುಗಳಲ್ಲಿ ಎಣಿಸುತ್ತಿತ್ತು. ಆಕಾಶದ ಉಪಗ್ರಹಗಳು ತೋರಿಸುವ ಜಾಗ ಒಂದೆರಡು ಮಾರು ಆಚೀಚೆ ಆಗಬಹುದು. ಗಾಲಿಯಾದರೋ ನೆಲವನ್ನು ಮುಟ್ಟಿಕೊಂಡೇ ಇರುತ್ತದೆ. ದೊಡ್ಡ ತಿರುವು ಬಂದಾಗಲೆಲ್ಲ ಎಣಿಕೆ ಸೊನ್ನೆಯಿಂದ ಶುರುವಾಗುತ್ತಿತ್ತು. ಅಲ್ಲಿಂದ ಇಷ್ಟು ಸುತ್ತಿಗೆ ಒಂದು ತಗ್ಗು, ಇಷ್ಟು ಸುತ್ತಿಗೆ ಕಾಲುವೆಯ ಸೇತುವೆ, ಇಷ್ಟು ಸುತ್ತಿಗೆ ಕಿತ್ತುಹೋದ ಡಾಂಬರು. ಗಾಲಿಯ ಸುತ್ತಳತೆ ಗೊತ್ತಿದ್ದರೆ ಇಡೀ ದಾರಿ ಅದಕ್ಕೆ ಗೊತ್ತಿದ್ದಂತೆ.

ಜೇನು ಸಾಕುವವರಿಗೆ ಇದರಿಂದ ಆದ ಉಪಕಾರ ಅಷ್ಟಿಷ್ಟಲ್ಲ. ಎರಿ, ಅಂದರೆ ಹುಳುಗಳು ಕಟ್ಟಿದ ಮೇಣದ ಹುಟ್ಟು, ತುಂಬಿದ ಪೆಟ್ಟಿಗೆ ಒಂದು ಸಲ ಜೋರಾಗಿ ಕುಲುಕಿದರೆ ಎರಿ ಹರಿದು ಬೀಳುತ್ತದೆ, ಹುಳುಗಳು ತಾವೇ ಕೂಡಿಟ್ಟ ಜೇನಿನಲ್ಲಿ ಮುಳುಗಿ ಸಾಯುತ್ತವೆ. ರಾಣಿ ಸತ್ತರಂತೂ ಆ ಸಂಸಾರವೇ ಮುಗಿಯಿತು. ದಾನಮ್ಮ ಮತ್ತು ಅವಳ ಮೊದಲ ಗಂಡ ಶಿವಪುತ್ರ ನರಗುಂದದ ಕಡೆಯ ಸೂರ್ಯಕಾಂತಿ ಹೊಲಗಳಿಂದ ಕಪ್ಪತಗುಡ್ಡದ ಬುಡಕ್ಕೆ, ಅಲ್ಲಿಂದ ಮತ್ತೆ ಹೊಲಗಳಿಗೆ, ಹೂವಿನ ಬೆನ್ನು ಹತ್ತಿ ಪೆಟ್ಟಿಗೆ ಸಾಗಿಸುತ್ತಿದ್ದರು. ಆ ಪೆಟ್ಟಿಗೆಗಳನ್ನು ಮಾಡಿಕೊಡುತ್ತಿದ್ದವನು ಬಡಿಗ ಫಕ್ಕೀರೇಶ.

ಶಿವಪುತ್ರ ವಿಷಮಜ್ವರದಿಂದ ತೀರಿಕೊಂಡಾಗ ಫಕ್ಕೀರೇಶನಿಗೆ ನಲವತ್ತರ ಹತ್ತಿರ. ಮದುವೆಯಾಗಿರಲಿಲ್ಲ. ಎರಡು ವರ್ಷ ಪೆಟ್ಟಿಗೆ ರಿಪೇರಿಯ ನೆಪದಲ್ಲಿ ದಾನಮ್ಮನ ಅಂಗಳಕ್ಕೆ ಹೋಗಿ ಬಂದು, ಕೊನೆಗೆ ಒಂದು ದಿನ ಕೇಳಿಯೇಬಿಟ್ಟ. ಅವಳು, “ಈ ಹಂಗಾಮ ಮುಗೀಲಿ, ಹೇಳತೇನಿ” ಎಂದಳು. ಹಂಗಾಮು ಮುಗಿದ ಮೇಲೆ ಹೂಂ ಎಂದಳು. ಅವಳ ಜೊತೆ ಜೇನು ಬಂತು, ವ್ಯಾನು ಬಂತು, ವ್ಯಾನಿನೊಳಗೆ ಶಿವಪುತ್ರನೂ ಬಂದ.

ಗೋಡೆಯ ಮೇಲಿದ್ದ ಶಿವಪುತ್ರನ ಫೋಟೊ ಫಕ್ಕೀರೇಶನಿಗೆ ಎಂದೂ ತೊಂದರೆ ಕೊಟ್ಟಿರಲಿಲ್ಲ. ಅದಕ್ಕೆ ತಾನೇ ಕಟ್ಟು ಹಾಕಿಕೊಟ್ಟಿದ್ದ. ಫೋಟೊ ಇದ್ದಲ್ಲೇ ಇರುತ್ತದೆ. ಈ ಬ್ರೇಕು ಹಾಗಲ್ಲ. ಪ್ರತಿದಿನ ಹೊಸದಾಗಿ ಒತ್ತುತ್ತದೆ. ದ್ವೇಷಿಸಲು ಒಂದಾದರೂ ಕಾರಣ ಸಿಕ್ಕಿದ್ದರೆ ಅವನಿಗೆ ಅನುಕೂಲವಾಗುತ್ತಿತ್ತು. ಆದರೆ ಶಿವಪುತ್ರ ಒಳ್ಳೆಯ ಮನುಷ್ಯ. ಪೆಟ್ಟಿಗೆ ತೆಗೆದುಕೊಂಡು ಹೋಗುವಾಗಲೆಲ್ಲ ಅದರ ಮೂಲೆಗಳ ಮೇಲೆ ಕೈಯಾಡಿಸಿ, “ಭಾಳ ಚಲೋ ಕೂಡಿಸೀರಿ” ಎನ್ನುತ್ತಿದ್ದ. ಅಂಥವನ ಮೇಲೆ ಸಿಟ್ಟು ಮಾಡಿಕೊಳ್ಳುವುದು ಹೇಗೆ? ಸಿಟ್ಟಿಗೆ ದಾರಿ ಸಿಗದೆ ಹೊಟ್ಟೆಕಿಚ್ಚು ಒಳಗೊಳಗೇ ಬೆಳೆಯಿತು.

ಅವನು ಗಮನಿಸತೊಡಗಿದ. ಎಲ್ಲಿ ನಿಧಾನ, ಎಲ್ಲಿ ಮೆತ್ತಗೆ, ಎಲ್ಲಿ ಒಮ್ಮೆ ಒತ್ತಿ ಬಿಟ್ಟು ಮತ್ತೆ ಒತ್ತುವುದು. ತಗ್ಗಿದ್ದಲ್ಲಿ ಸರಿ, ಏನೂ ಇಲ್ಲದ ಕಡೆ ಯಾಕೆ? ಅಲ್ಲೆಲ್ಲ ಅವನು ಕನ್ನಡಿ ನೋಡುತ್ತಿದ್ದ. ದಾನಮ್ಮ ಕಣ್ಣು ಮುಚ್ಚಿದಳೋ, ಸೆರಗು ಸರಿಮಾಡಿಕೊಂಡಳೋ, ನೀರು ಕುಡಿದಳೋ? ಪ್ರತಿಯೊಂದರಲ್ಲೂ ಅವನಿಗೆ ತಾನಿಲ್ಲದ ಒಂದು ಕಾಲದ ಗುರುತು ಕಾಣುತ್ತಿತ್ತು. ಹಗ್ಗ ಕಟ್ಟಿ ಎಳೆದಂತೆ ಮನಸ್ಸು ಅಲ್ಲಿಗೇ ಹೋಗುತ್ತಿತ್ತು. ಕ್ರಮೇಣ ವ್ಯಾನಿಗಿಂತ ಒಂದು ಉಸಿರು ಮೊದಲೇ ಅವನ ಬಲಗಾಲು ಖಾಲಿ ನೆಲವನ್ನು ಒತ್ತತೊಡಗಿತು. ಅದು ಅವನ ಗಮನಕ್ಕೆ ಬಂದಿರಲಿಲ್ಲ.

ಒಮ್ಮೆ ಊಟಕ್ಕೆ ಕುಳಿತಾಗ ಮಾತು ತೆಗೆದಿದ್ದ. “ಆ ಗಣಕದಾಗಿಂದು ಅಳಿಸಿ ಹೊಸದಾಗಿ ಕಲಿಸಬಹುದಂತ. ನಾನ ಓಡಸತೇನಿ. ಎರಡು ವರ್ಷದಾಗ ಕಲಿತೈತಿ.”

ದಾನಮ್ಮ ರೊಟ್ಟಿ ಮುರಿಯುತ್ತ, “ಯಾಕ? ಚಲೋ ಓಡತೈತಲ್ಲ” ಎಂದಳು.

“ಚಲೋ ಓಡತೈತಿ ಖರೆ.”

“ಮತ್ತ? ಎರಿ ಹರೀಬಾರದು, ಅಷ್ಟ ಸಾಕು. ಬಿಡ್ರಿ ಅದನ್ನ.”

ಅಷ್ಟು ಹೇಳಿ ಅವಳು ಪಲ್ಯ ಬಡಿಸಿದಳು. ಅವಳು ‘ಬಿಡ್ರಿ’ ಅಂದ ರೀತಿಯನ್ನು ಫಕ್ಕೀರೇಶ ತಿಂಗಳುಗಟ್ಟಲೆ ಮನಸ್ಸಿನಲ್ಲಿ ಹೊರಳಿಸಿ ನೋಡಿದ.

ಆ ವರ್ಷ ಮುಂಗಾರು ಚೆನ್ನಾಗಿ ಹಿಡಿಯಿತು. ಎರೆಭೂಮಿ ನೆನೆದರೆ ಗೊತ್ತಲ್ಲ, ಹೊಲದ ದಾರಿಗೆ ಇಳಿದ ಗಾಡಿ ಗಮ್ಮು ಹಾಕಿದಂತೆ ಕೂತುಬಿಡುತ್ತದೆ. ಎರಡು ಸಲ ಟ್ರ್ಯಾಕ್ಟರು ಕರೆಸಿ ವ್ಯಾನನ್ನು ಎಳೆಸಬೇಕಾಯಿತು. ಮೂರನೆಯ ಸಲ ಸಿಕ್ಕಿಬಿದ್ದಾಗ ದಾನಮ್ಮ, ಗಾಲಿ ಬದಲಿಸದಿದ್ದರೆ ಈ ಸಲ ಹೂವು ನಮಗೆ ಸಿಗುವುದಿಲ್ಲ ಎಂದಳು. ಫಕ್ಕೀರೇಶ ಗದಗಿಗೆ ಹೋಗಿ, ಮೊದಲಿನವಕ್ಕಿಂತ ದೊಡ್ಡ ರಿಮ್ಮು, ಎತ್ತರದ ಅಗಲ ಟೈರು ಹಾಕಿಸಿಕೊಂಡು ಬಂದ. ವ್ಯಾನು ಮೊದಲಿಗಿಂತ ಮೂರು ಬೆರಳು ಮೇಲೆದ್ದು ನಿಂತಿತು.

ಅಂಗಡಿಯವನು ನಟ್ಟು ಬಿಗಿದು ಕೈ ಒರೆಸಿಕೊಳ್ಳುತ್ತ ಒಂದು ಮಾತು ಹೇಳಿದ್ದ. “ಗಾಡಿಗೆ ಹೊಸಾ ಸುತ್ತಳತಿ ಹೇಳಬೇಕ್ರಿ. ಮೊದಲಿನ ಗಾಲಿ ಸಣ್ಣದಿತ್ತು, ಈಗ ಒಂದು ಸುತ್ತಿಗೆ ಜಾಸ್ತಿ ದೂರ ಹೋಗತೈತಿ. ಅದು ಗೊತ್ತಾಗದಿದ್ರ ಗಣಕಕ್ಕ ವೇಗಾನೂ ತಪ್ಪು, ಜಾಗಾನೂ ತಪ್ಪು. ನಾ ಇಲ್ಲೇ ಹಾಕಬಹುದು, ಆದ್ರ ನೀವು ಭಾರ ಹೇರತೀರಿ. ಭಾರ ಬಿದ್ರ ಟೈರು ಕೂಡತೈತಿ, ಅಳತಿ ಬದಲಾಗತೈತಿ. ಮನಿಗೆ ಹೋಗಿ ಪೆಟ್ಟಿಗಿ ಏರಿಸಿ, ಟೈರಿಗೆ ಸುಣ್ಣದ ಗೆರಿ ಹಾಕಿ, ಒಂದು ಸುತ್ತು ಉರುಳಿಸಿ ಅಳದು ಹಾಕ್ರಿ.”

ಫಕ್ಕೀರೇಶ ಹಾಗೆಯೇ ಮಾಡಿದ. ಪೆಟ್ಟಿಗೆ ಏರಿಸಿದ. ಟೈರಿನ ಮೇಲೆ, ಅದರ ಕೆಳಗೆ ನೆಲದ ಮೇಲೆ ಸುಣ್ಣದ ಗೆರೆ ಎಳೆದ. ವ್ಯಾನನ್ನು ಮೆಲ್ಲಗೆ ಮುಂದೆ ಬಿಟ್ಟು ಗೆರೆ ಮತ್ತೆ ನೆಲ ಮುಟ್ಟಿದಲ್ಲಿ ಇನ್ನೊಂದು ಗುರುತು ಹಾಕಿದ. ಟೇಪು ಹಿಡಿದು ಅಳೆದ. ಬಡಿಗನ ಕೈ, ಕೂದಲಷ್ಟೂ ಆಚೀಚೆ ಇಲ್ಲ. ಆಮೇಲೆ ಒಳಗೆ ಕುಳಿತು ಗಣಕದ ಪರದೆ ತೆರೆದ. ‘ಹೊಸ ಸುತ್ತಳತೆ’ ಎಂದು ಕೇಳುತ್ತಿತ್ತು.

ಅವನ ಬೆರಳು ನಿಂತಿತು. ಶಿವಪುತ್ರನ ಇಡೀ ದಾರಿ ಈ ಒಂದು ಅಂಕಿಯ ಮೇಲೆ ನಿಂತಿದೆ ಎಂದು ಅವನಿಗೆ ಆ ಕ್ಷಣದಲ್ಲಿ ಹೊಳೆಯಿತು. ಸುತ್ತಳತೆ ಇದ್ದದ್ದಕ್ಕಿಂತ ಕಡಿಮೆ ಎಂದು ಹೇಳಿದರೆ ಗಾಡಿ ತಡವಾಗಿ ಬ್ರೇಕು ಹಿಡಿಯುತ್ತದೆ, ಅದು ಅಪಾಯ. ಹೆಚ್ಚು ಎಂದು ಹೇಳಿದರೆ ತಾನು ಬೇಗ ಬಂದುಬಿಟ್ಟೆ ಎಂದುಕೊಂಡು ಮೊದಲೇ ಹಿಡಿಯುತ್ತದೆ. ಮೊದಲೇ ಹಿಡಿದರೆ ಯಾರಿಗೂ ಪೆಟ್ಟಿಲ್ಲ. ಶಿವಪುತ್ರನಿಗೆ ಅರಳುಮರಳು ಆದಂತೆ ಕಾಣುತ್ತದೆ, ಅಷ್ಟೇ. ಖಾಲಿ ರಸ್ತೆಯಲ್ಲಿ ತಡೆಯುತ್ತಾನೆ, ಸಲ್ಲದಲ್ಲಿ ಹೊರಳುತ್ತಾನೆ. ಆಗ ಅವಳೇ, ‘ಅಳಿಸಿ ಹಾಕ್ರಿ, ನೀವ ಕಲಸ್ರಿ’ ಎನ್ನುತ್ತಾಳೆ. ಅವನು ಅಳತೆಗೆ ಎರಡು ಬೆರಳಿನ ಅಗಲ ಸೇರಿಸಿ ಒತ್ತಿದ. ಪರದೆ ಒಪ್ಪಿಕೊಂಡಿತು.

ಮುಂದಿನ ದಿನಗಳಲ್ಲಿ ಫಕ್ಕೀರೇಶ ಸಂತೆಗೆ, ಹೊಲಕ್ಕೆ ಹೋಗಿ ಬರುವಾಗಲೆಲ್ಲ ಮನಸ್ಸಿನಲ್ಲೇ ನಗುತ್ತಿದ್ದ. ತಿರುವಿನ ಹತ್ತಿರ ಇರುವಾಗ ಎಲ್ಲ ಸರಿ. ತಿರುವಿನಿಂದ ದೂರ ಹೋದಷ್ಟೂ ಶಿವಪುತ್ರ ತಪ್ಪುತ್ತಿದ್ದ. ಏನೂ ಇಲ್ಲದಲ್ಲಿ ವಿನಯದಿಂದ ನಿಧಾನಿಸಿ, ತಗ್ಗು ಬಂದಾಗ ಗಡಗಡ ಓಡುತ್ತಿದ್ದ. ಆದರೆ ದಾನಮ್ಮ ಏನೂ ಹೇಳಲಿಲ್ಲ. ಅವಳಿಗೆ ಅದು ಗೊತ್ತಾದಂತೆಯೂ ಕಾಣಲಿಲ್ಲ. ‘ಸತ್ತವನ ತಪ್ಪೂ ಅವಳಿಗೆ ಕಾಣುವುದಿಲ್ಲ’ ಎಂದುಕೊಂಡ.

ನಿಜವಾದ ಸಾಗಾಟದ ದಿನ ಬಂತು. ಸಂಜೆ ಹುಳುಗಳೆಲ್ಲ ಗೂಡು ಸೇರಿದ ಮೇಲೆ ಬಾಗಿಲು ಮುಚ್ಚಿ, ಪೆಟ್ಟಿಗೆಗಳನ್ನು ಏರಿಸಿ, ಇನ್ನೂ ಪಡುವಣದಲ್ಲಿ ಕೆಂಪು ಇರುವಾಗಲೇ ಕಪ್ಪತಗುಡ್ಡದ ಕಡೆ ಹೊರಟರು. ದಾನಮ್ಮ ಎಂದಿನಂತೆ ಹಿಂದೆ ಕುಳಿತಳು. ದೊಡ್ಡ ಕಾಲುವೆಯ ಸೇತುವೆ ಹತ್ತಿರವಾಯಿತು. ಅದು ಗೂನುಬೆನ್ನಿನ ಹಳೆಯ ಸೇತುವೆ. ಶಿವಪುತ್ರ ಅಲ್ಲಿ ಎತ್ತಿನ ಗಾಡಿಯಷ್ಟು ಮೆಲ್ಲಗೆ ಏರಿಸಿ ಇಳಿಸುತ್ತಿದ್ದ. ವ್ಯಾನು ಅಂದೂ ಹಾಗೆಯೇ ಮೆಲ್ಲಗಾಯಿತು, ಸೇತುವೆಗೆ ಇಪ್ಪತ್ತು ಮಾರು ಮೊದಲು. ಆಮೇಲೆ ತನ್ನ ಲೆಕ್ಕದಲ್ಲಿ ಸೇತುವೆ ದಾಟಿತೆಂದು ತಿಳಿದು ವೇಗ ಹೆಚ್ಚಿಸಿತು.

ಫಕ್ಕೀರೇಶನಿಗೆ ಅದು ಆಗಷ್ಟೇ ಅರ್ಥವಾಯಿತು. ಮೊದಲೇ ಬ್ರೇಕು ಹಿಡಿಯುವವನು ಮೊದಲೇ ಬಿಡುತ್ತಾನೆ ಎಂಬುದನ್ನು ಸಣ್ಣ ತಗ್ಗುಗಳಲ್ಲಿ ಕಂಡು ನಕ್ಕಿದ್ದ, ತುಂಬಿದ ಪೆಟ್ಟಿಗೆ ಹೇರಿಕೊಂಡು ಈ ಗೂನಿಗೆ ಬಂದಾಗ ಏನಾದೀತೆಂದು ಯೋಚಿಸಿಯೇ ಇರಲಿಲ್ಲ. ಅವನ ಕಾಲು ನಿಜವಾದ ಬ್ರೇಕನ್ನು ಹುಡುಕುವಷ್ಟರಲ್ಲಿ ವ್ಯಾನು ಗೂನಿನ ಮೇಲೆ ಹಾರಿ ಆಚೆ ಬಿತ್ತು. ಹಿಂದೆ ಹಲಗೆಗಳು ಒಂದಕ್ಕೊಂದು ಬಡಿದ ಸದ್ದು, ಅದರ ಬೆನ್ನಿಗೇ ಸಾವಿರಾರು ಹುಳುಗಳ ಮೊರೆತ.

ಏಳು ಪೆಟ್ಟಿಗೆಗಳ ಎರಿ ಹರಿದಿತ್ತು. ಸೇತುವೆಯ ಪಕ್ಕದಲ್ಲೇ ಹೊಗೆ ಹಾಕಿಕೊಂಡು ದಾನಮ್ಮ ಒಂದೊಂದನ್ನೇ ತೆರೆದು ನೋಡಿದಳು. ಜೇನು ತೊಯ್ದ ಎರಿಯ ತುಂಡುಗಳನ್ನು ಎತ್ತುವಾಗ ಅವಳ ಕೈಗೆ ಎಷ್ಟು ಹುಳು ಚುಚ್ಚಿದವೋ, ಅವಳು ಕೈ ಹಿಂದೆಗೆಯಲಿಲ್ಲ. ಎರಡು ಪೆಟ್ಟಿಗೆಗಳಲ್ಲಿ ರಾಣಿ ಸತ್ತಿತ್ತು. ಸತ್ತ ರಾಣಿಯನ್ನು ಅಂಗೈಯಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ನೋಡಿ, ಹುಲ್ಲಿನ ಮೇಲೆ ಇಳಿಸಿದಳು. ಅಳಲಿಲ್ಲ. ಫಕ್ಕೀರೇಶನ ಮುಖವನ್ನೂ ನೋಡಲಿಲ್ಲ. ಉಳಿದ ದಾರಿಯನ್ನು ಅವನು ತಾನೇ ಓಡಿಸಿದ.

ಮರುದಿನವೇ ಅವಳು ಧಾರವಾಡಕ್ಕೆ ಫೋನು ಮಾಡಿದಳು. ಶಿವಪುತ್ರನ ವ್ಯಾನು ಛಾಯಾಚಾಲಕವನ್ನು ಮೊದಮೊದಲು ಅಳವಡಿಸಿದವುಗಳಲ್ಲಿ ಒಂದಾಗಿದ್ದರಿಂದ ಡಾ. ಅಂಬುಜಾ ಇಟಗಿ ತಾವೇ ಬಂದರು. ಐವತ್ತು ದಾಟಿದ, ಕತ್ತರಿಸಿದ ಕೂದಲಿನ, ಮಾತಾಡುವ ಮೊದಲು ಒಂದು ಕ್ಷಣ ತಡೆಯುವ ಹೆಂಗಸು. ಗಣಕವನ್ನು ತೆರೆದು ನೋಡಿ ಅವರು ಮೊದಲು ಮಾಡಿದ ಕೆಲಸ ಸುಣ್ಣದ ತುಂಡು ಕೇಳಿದ್ದು. ಪೆಟ್ಟಿಗೆಗಳು ಗುಡ್ಡದ ಬುಡದಲ್ಲಿ ಇಳಿದಿದ್ದರಿಂದ ಅಷ್ಟೇ ಭಾರದ ಮಣ್ಣಿನ ಚೀಲ ಹೇರಿಸಿ, ಅಂಗಳದಲ್ಲಿ ಗಾಲಿ ಉರುಳಿಸಿ ಅಳೆದರು. ಪರದೆಯ ಅಂಕಿ ನೋಡಿದರು. ಮತ್ತೊಮ್ಮೆ ಅಳೆದರು.

“ಯಾರು ಅಳದದ್ದು?”

“ನಾನ ರೀ,” ಎಂದ ಫಕ್ಕೀರೇಶ.

“ಎರಡು ಬೆರಳು ಜಾಸ್ತಿ ಬಂದದ. ಇರಲಿ, ಟೈರಿನ ಗಾಳಿ ಹೆಚ್ಚುಕಡಿಮಿ ಇದ್ರ ಹಂಗ ಆಗ್ತದ. ಅಳಿಯೋದ್ರಾಗ ಎಲ್ಲಾರಿಗೂ ತಪ್ಪತದ.”

ಬಾಗಿಲಲ್ಲಿ ನಿಂತಿದ್ದ ದಾನಮ್ಮ ಅವನನ್ನು ನೋಡಿದಳು. ಜೇನುಪೆಟ್ಟಿಗೆಯೊಳಗೆ ಚೌಕಟ್ಟಿಗೂ ಗೋಡೆಗೂ ನಡುವೆ ಹುಳು ಓಡಾಡುವಷ್ಟೇ ಸಂದು ಇರಬೇಕು. ಒಂದು ನೂಲು ಹೆಚ್ಚಾದರೆ ಅಲ್ಲೂ ಎರಿ ಕಟ್ಟಿಬಿಡುತ್ತವೆ, ಕಡಿಮೆಯಾದರೆ ಅಂಟು ಮೆತ್ತಿ ಮುಚ್ಚಿಬಿಡುತ್ತವೆ. ಇಷ್ಟು ವರ್ಷಗಳಲ್ಲಿ ಫಕ್ಕೀರೇಶ ಮಾಡಿಕೊಟ್ಟ ಒಂದು ಪೆಟ್ಟಿಗೆಯಲ್ಲೂ ಆ ಸಂದು ತಪ್ಪಿರಲಿಲ್ಲ.

“ಇವರಿಗೆ ತಪ್ಪೂದಿಲ್ಲ,” ಎಂದಳು ದಾನಮ್ಮ.

ಅವಳ ಊದಿದ ಕೈ ಬಾಗಿಲ ಚೌಕಟ್ಟಿನ ಮೇಲಿತ್ತು. ಅಷ್ಟೊಂದು ಮೆತ್ತಗೆ ಅವಳು ಮಾತಾಡಿದ್ದನ್ನು ಫಕ್ಕೀರೇಶ ಕೇಳಿರಲಿಲ್ಲ. ಡಾ. ಇಟಗಿ ಇಬ್ಬರನ್ನೂ ನೋಡಿ, ಮುಂದೆ ಏನೂ ಕೇಳದೆ ಕಟ್ಟೆಯ ಮೇಲೆ ಕುಳಿತರು.

“ಅಂಕಿ ಸರಿ ಮಾಡೋದು ಒಂದು ನಿಮಿಷದ ಕೆಲಸ,” ಎಂದರು. “ತೊಂದರೆ ಬ್ಯಾರೆ ಅದ. ಈ ಯಂತ್ರ ತನ್ನ ತಪ್ಪು ತಾನ ತಿದ್ದಿಕೊಳ್ಳತದ. ನಿಧಾನ ಮಾಡಿದ ಮ್ಯಾಲೂ ಪೆಟ್ಟು ಬಿತ್ತು ಅಂದ್ರ, ನನ್ನ ನೆನಪ ತಪ್ಪಿರಬೇಕು ಅಂತ ಗುರುತುಗಳನ್ನ ಅತ್ತಿತ್ತ ಸರಸತದ. ಇಷ್ಟು ದಿನ ತಪ್ಪು ಸುತ್ತಳತಿ ಮ್ಯಾಲೆ ಓಡಿ ಓಡಿ ಎಲ್ಲಾ ಸರಸಿಬಿಟ್ಟದ. ಯಾವುದು ಶಿವಪುತ್ರ ಅವರದು, ಯಾವುದು ತಾನು ಸರಸಿದ್ದು ಅಂತ ಈಗ ಅದಕ್ಕ ತಿಳಿಯೂದಿಲ್ಲ.”

“ಅದರಾಗ ಅವರದು ಏನೈತ್ರಿ ಡಾಕ್ಟ್ರ?” ಫಕ್ಕೀರೇಶ ಕೇಳಿಯೇಬಿಟ್ಟ. ನಾಲ್ಕು ವರ್ಷಗಳಿಂದ ಗಂಟಲಲ್ಲಿದ್ದ ಪ್ರಶ್ನೆ. “ಅವರ ಮನಸ್ಸು ಐತೇನು? ಅವರಿಗೆ ಏನ ಅನಸತಿತ್ತು ಅನ್ನೂದು?”

ಡಾ. ಇಟಗಿ ತಲೆಯಾಡಿಸಿದರು. “ಇಲ್ಲ. ಕಾಲಿನ ಒತ್ತು, ಕೈಯ ತಿರುವು, ಗಾಲಿಯ ಸುತ್ತು, ಮೂರ. ಅವರು ಇಂಥಲ್ಲಿ ನಿಧಾನ ಮಾಡಿದ್ರು ಅಂತ ಅದಕ್ಕ ಗೊತ್ತು. ಯಾಕ ಮಾಡಿದ್ರು ಅಂತ ಗೊತ್ತಿಲ್ಲ. ಅದನ್ನ ಬರಕೊಳ್ಳೋ ಯಂತ್ರ ನನಗ ಮಾಡಲಿಕ್ಕೆ ಬಂದಿಲ್ಲ.” ಆಮೇಲೆ ದಾನಮ್ಮನ ಕಡೆ ತಿರುಗಿದರು. “ಎರಡು ದಾರಿ ಅವ. ಎಲ್ಲಾ ಅಳಿಸಿ ಹೊಸದಾಗಿ ಕಲಸೋದು ಒಂದು. ಇಲ್ಲಾ, ಅವರು ಹೆಂಗ ಓಡಸತಿದ್ರೋ ಹಂಗ ಬಲ್ಲವರು ಯಾರರೆ ಒಂದು ಸಲ ಹೋಗಿ ಬಂದು ಗುರುತು ಹಾಕಿಕೊಟ್ರ ಯಂತ್ರ ಅದನ್ನ ಹಿಡಕೊಂಡು ಉಳಿದದ್ದು ಸರಿ ಮಾಡಿಕೊಳ್ಳತದ. ನಿಮಗ ಗೊತ್ತಿರಬೇಕಲ್ಲ, ಅವರ ಜೊತಿ ಅಷ್ಟು ತಿರಗೀರಿ.”

“ನಂಗೇನ ಗೊತ್ರಿ,” ಎಂದಳು ದಾನಮ್ಮ. “ನಾ ಯಾವಾಗಲೂ ಹಿಂದ ಕೂಡಾಕಿ. ಅಲ್ಲಿ ದಾರಿ ಕಾಣೂದಿಲ್ಲ. ಗಾಡಿ ನಿಧಾನ ಆದಾಗ ಇಂಜಿನ್ ಸದ್ದು ಕಡಿಮಿ ಆಗತೈತಿ, ಅವಾಗ ಪೆಟ್ಟಿಗಿಗೆ ಕಿವಿ ಹಚ್ಚತೇನಿ. ಹುಳಾ ಚಂದಾಗಿ ಗುಂಯ್ ಅಂದ್ರ ರಾಣಿ ಆರಾಮ ಅದಾಳಂತ ಸಮಾಧಾನ. ಅಷ್ಟ ನನ್ನ ಲಕ್ಷ್ಯ. ಅವರು ಎಲ್ಲಿ ಬ್ರೇಕ್ ಹಾಕಿದ್ರು ಅಂತ ನಾ ಒಂದಿನಾನೂ ನೋಡಿಲ್ಲ.”

ಫಕ್ಕೀರೇಶನಿಗೆ ಕಿವಿಯಲ್ಲಿ ಗಾಳಿ ತುಂಬಿದಂತಾಯಿತು. ಕನ್ನಡಿಯಲ್ಲಿ ಅವನು ಕಂಡ ಆ ಮುಚ್ಚಿದ ಕಣ್ಣು, ಆ ನಗು, ಎಲ್ಲ ಹುಳುವಿಗಾಗಿ. ಅವಳು ಆ ದಾರಿಯಲ್ಲಿ ಶಿವಪುತ್ರನನ್ನು ನೆನೆದದ್ದೇ ಇಲ್ಲ. ನೆನೆದವನು ತಾನೊಬ್ಬನೇ. ಈಗ ಸುಮ್ಮನಿದ್ದರೆ ಸಾಕು, ಶಿವಪುತ್ರ ಅಳಿಸಿಹೋಗುತ್ತಾನೆ. ಬಯಸಿದ್ದು ಕೈಗೆ ಬಂದಿತ್ತು. ಆದರೆ ಡಾ. ಇಟಗಿ, “ಹಂಗಾರ ಅಳಿಸಿಬಿಡೋಣ” ಎಂದು ಗಣಕದ ಕಡೆ ಕೈ ಚಾಚಿದಾಗ ಅವನ ಬಾಯಿ ತಾನಾಗಿ ಆಡಿತು.

“ನಂಗ ಗೊತ್ತೈತ್ರಿ.”

ದಾನಮ್ಮ ಅವನತ್ತ ತಿರುಗಿದಳು.

“ಎಲ್ಲಾ ಗೊತ್ತೈತಿ,” ಎಂದ ಅವನು, ನೆಲ ನೋಡುತ್ತ. “ನಾ ಓಡಸತೇನಿ.”

ಡಾ. ಇಟಗಿ ಗಣಕದಲ್ಲಿ ಸುತ್ತಳತೆಯ ಅಂಕಿ ಸರಿ ಮಾಡಿದರು. ಮಣ್ಣಿನ ಚೀಲಗಳು ವ್ಯಾನಿನಲ್ಲಿ ಹಾಗೆಯೇ ಇದ್ದವು. ಮರುದಿನ ಬೆಳಿಗ್ಗೆ ಹೊರಟರು. ಡಾ. ಇಟಗಿ ಪರದೆ ಹಿಡಿದು ಹಿಂದೆ ಕುಳಿತರು, ದಾನಮ್ಮ ಮೊದಲ ಬಾರಿಗೆ ಮುಂದೆ ಕುಳಿತಳು. ಫಕ್ಕೀರೇಶ ಸ್ಟೇರಿಂಗು ಹಿಡಿದ. ಅವನು ಯೋಚಿಸಬೇಕಾಗಲೇ ಇಲ್ಲ. ಕಾಲಿಗೆ ಎಲ್ಲ ಗೊತ್ತಿತ್ತು. ಪ್ರತಿ ಗುರುತಿಗೂ ಡಾ. ಇಟಗಿ, “ಇಲ್ಲಿ ಯಾಕ?” ಎಂದು ಕೇಳಿ ಬರೆದುಕೊಳ್ಳುತ್ತಿದ್ದರು. ಅವನು ಹೇಳುತ್ತ ಹೋದ. ಇಲ್ಲಿ ಡಾಂಬರು ಉಬ್ಬಿದೆ. ಇಲ್ಲಿ ಕುರಿ ಅಡ್ಡ ಬರುತ್ತವೆ. ಇಲ್ಲಿ ಸಾಲೆ ಬಿಟ್ಟ ಮಕ್ಕಳು ಓಡಿಬರುತ್ತಾರೆ.

ಸಣ್ಣ ಹಳ್ಳದ ಆಚೆ, ತಗ್ಗುದಿಣ್ಣೆ ಏನೂ ಇಲ್ಲದ ಒಂದು ಕಡೆ ಅವನು ವೇಗ ತಗ್ಗಿಸಿದ. ಇಲ್ಲಿಯೇ ಅವನು ಎಲ್ಲಕ್ಕಿಂತ ಹೆಚ್ಚು ಉರಿದದ್ದು, ಎಲ್ಲಕ್ಕಿಂತ ಹೆಚ್ಚು ಯೋಚಿಸಿದ್ದು. ಕಾರಣ ಸಿಕ್ಕ ದಿನ ಅವನಿಗೆ ರಾತ್ರಿ ಊಟ ಸೇರಿರಲಿಲ್ಲ.

“ಇಲ್ಲಿ ಯಾಕ?”

“ಇಲ್ಲಿ ಗಾಳಿ ಅಡ್ಡ ಬೀಸತೈತ್ರಿ. ಜೋರ ಹೋದ್ರ ಹಿಂದಿನ ಬಾಗಿಲದಾಗಿಂದ ಧೂಳ ಒಳಗ ಹೊಡಿತೈತಿ.” ಅವನು ಕನ್ನಡಿಯತ್ತ ನೋಡಿದ. “ಹುಳಾ ಮುಚ್ಚಿದ ಪೆಟ್ಟಿಗಿ ಒಳಗ ಇರತಾವು. ಅವಕ್ಕ ಧೂಳ ಹತ್ತೂದಿಲ್ಲ. ಅದು ಹಿಂದ ಕುಂತವರ ಸಲುವಾಗಿ.”

ಒಂದು ಫರ್ಲಾಂ‌ಗು ಹೋದ ಮೇಲೆ ದಾನಮ್ಮನ ಉಸಿರು ಬದಲಾದದ್ದು ಅವನಿಗೆ ಕೇಳಿಸಿತು. ಅವಳು ಕಿಟಕಿಯ ಕಡೆ ಮುಖ ಮಾಡಿ ಅಳುತ್ತಿದ್ದಳು. ಶಿವಪುತ್ರನಿಗಾಗಿ ಅವಳು ಅತ್ತದ್ದನ್ನು ಅವನು ನೋಡಿದ್ದು ಅದೇ ಮೊದಲು. ಅಳುವಂತೆ ಮಾಡಿದವನೂ ತಾನೇ.

ಗುಡ್ಡದ ಬುಡ ಮುಟ್ಟಿ, ಪೆಟ್ಟಿಗೆಗಳನ್ನು ನೋಡಿ, ಮಧ್ಯಾಹ್ನ ಮರಳುವಾಗ ದಾನಮ್ಮನಿಗೆ ನಿದ್ದೆ ಬಂತು. ಹಿಂದಿನ ಎರಡು ರಾತ್ರಿ ಅವಳು ನೆಟ್ಟಗೆ ಮಲಗಿರಲಿಲ್ಲ. ತಲೆ ಕಿಟಕಿಗೆ ಒರಗಿತು. ಬಿಸಿಲು ಅವಳ ಮುಖದ ಮೇಲೆ ಬಿದ್ದು ಹುಬ್ಬು ಗಂಟಿಕ್ಕಿತು. ಮುಂದೆ ರಸ್ತೆಯುದ್ದಕ್ಕೂ ಹಳೆಯ ಹುಣಸೆಮರಗಳ ಸಾಲು. ನೆರಳು ಬರುತ್ತಲೇ ಅವಳ ಮುಖ ಸಡಿಲವಾಯಿತು. ಫಕ್ಕೀರೇಶ ಅದನ್ನು ನೋಡಿ, ತನಗರಿವಿಲ್ಲದೆ, ಮರಗಳ ಸಾಲು ಮುಗಿಯುವವರೆಗೂ ನಡೆಯುವ ಮನುಷ್ಯನಷ್ಟು ಮೆಲ್ಲಗೆ ಗಾಡಿ ಬಿಟ್ಟ.

“ಇಲ್ಲಿ?” ಎಂದು ಡಾ. ಇಟಗಿ ಹಿಂದಿನಿಂದ ಮೆಲುದನಿಯಲ್ಲಿ ಕೇಳಿದರು. ಅವನು ಉತ್ತರಿಸಲಿಲ್ಲ. ‘ಕಾರಣ ತಿಳಿಯದು’ ಎಂದು ಅವರು ಬರೆದುಕೊಂಡರು.

ಮನೆಗೆ ಬಂದ ಮೇಲೆ ಡಾ. ಇಟಗಿ ಬಹಳ ಹೊತ್ತು ಪರದೆ ನೋಡುತ್ತ ಕುಳಿತರು. ಆಮೇಲೆ ಫಕ್ಕೀರೇಶನನ್ನು ಕರೆದರು.

“ಇದರಾಗ ಒಂದು ಕಾವಲು ಇಟ್ಟೀನಿ. ಮೊದಲಿನ ಚಾಲಕರನ್ನ ಬಿಟ್ಟು ಬ್ಯಾರೆಯವರು ತಿದ್ದಲಿಕ್ಕೆ ಬಂದ್ರ ಯಂತ್ರ ಒಪ್ಪೂದಿಲ್ಲ, ನನ್ನ ಗುಪ್ತಸಂಖ್ಯೆ ಕೇಳತದ. ನಿಮಗ ಕೇಳಲೇ ಇಲ್ಲ. ಒತ್ತು, ತಿರುವು, ಬಿಡೋ ರೀತಿ, ಎಲ್ಲಾ ಹೋಲಿಸಿ ನೋಡಿ, ಇವರು ಶಿವಪುತ್ರ ಅಂತ ಒಪ್ಪಿಕೊಂಡುಬಿಟ್ಟದ.” ಅವರು ಕನ್ನಡಕ ತೆಗೆದರು. “ಇಷ್ಟು ವರ್ಷದಾಗ ಹಿಂಗ ಆಗಿದ್ದಿಲ್ಲ. ಒಬ್ಬ ಮನುಷ್ಯಾ ಇನ್ನೊಬ್ಬರ ಮ್ಯಾಲೆ ಇಷ್ಟು ಲಕ್ಷ್ಯ ಇಟ್ಟಿದ್ದು ನಾ ನೋಡಿಲ್ಲ. ಅವರು ನಿಮಗ ಭಾಳ ಬೇಕಾದವರಾ?”

“ನನ್ನ ಪೆಟ್ಟಿಗಿ ಚಲೋ ಅದಾವು ಅಂತಿದ್ರು,” ಎಂದ ಫಕ್ಕೀರೇಶ.

ಅಂದಿನಿಂದ ದಾನಮ್ಮ ಮುಂದೆಯೇ ಕೂರತೊಡಗಿದಳು. ಸುತ್ತಳತೆಯ ಬಗ್ಗೆ ಅವಳು ಒಂದು ಮಾತೂ ಎತ್ತಲಿಲ್ಲ. ಆದರೆ ರಾಣಿ ಸತ್ತ ಆ ಎರಡು ಪೆಟ್ಟಿಗೆಗಳಿಗೆ ಹೊಸ ರಾಣಿ ಕೂಡಿಸುವ ಕೆಲಸವನ್ನು ಅವನಿಂದಲೇ ಮಾಡಿಸಿದಳು. ಹುಳುಗಳಿಗೆ ಹೆದರುತ್ತಿದ್ದ ಅವನು ಚುಚ್ಚಿಸಿಕೊಂಡೇ ಮಾಡಿದ. ಇದು ಒಂದು ಕಡೆಯಾಯಿತು. ಇನ್ನೊಂದು ಕಡೆ, ವ್ಯಾನು ನಿಧಾನವಾದಾಗಲೆಲ್ಲ ಅವಳು ಹೊರಗೆ ನೋಡುತ್ತಿದ್ದಳು. “ಇಲ್ಲಿ ಕುರಿ, ಅಲ್ಲೇನು?” ಎನ್ನುತ್ತಿದ್ದಳು. ಮುಂದೆ ಹೋಗಿ, “ಇಲ್ಲಿ ಧೂಳ.” ಹಾಗೆ ಹೇಳುತ್ತ ಹೇಳುತ್ತ ಶಿವಪುತ್ರನ ಮಾತು ಬರುತ್ತಿತ್ತು. ಅವನು ಹೇಗೆ ನಗುತ್ತಿದ್ದ, ಮಂಡಕ್ಕಿ ಹೇಗೆ ತಿನ್ನುತ್ತಿದ್ದ. ನಾಲ್ಕು ವರ್ಷ ಅವಳು ತೆಗೆಯದಿದ್ದ ಮಾತುಗಳು. ಹೆಂಡತಿಯ ಮನಸ್ಸಿನಲ್ಲಿ ಮೊದಲ ಗಂಡ ಇಲ್ಲದಿದ್ದಾಗ ಅವನು ಇದ್ದಾನೆಂದು ಫಕ್ಕೀರೇಶ ನಂಬಿದ್ದ. ಈಗ ಅವನನ್ನು ತಾನೇ ಕೈಹಿಡಿದು ಕರೆತಂದು ಕೂರಿಸಿದಂತಾಗಿತ್ತು. ಉರಿ ಮೊದಲಿಗಿಂತ ಕಡಿಮೆಯೇನೂ ಆಗಲಿಲ್ಲ. ಆದರೆ ಈಗ ಅದನ್ನು ಯಾರ ಮೇಲೆ ಹಾಕುವುದು?

ಎಲ್ಲಕ್ಕಿಂತ ಕಷ್ಟವಾದದ್ದು ಹುಣಸೆಮರಗಳ ಸಾಲು. ಯಂತ್ರ ಅವನನ್ನು ಶಿವಪುತ್ರನೆಂದೇ ತಿಳಿದಿತ್ತಲ್ಲ, ಆ ನಿಧಾನವನ್ನೂ ಶಿವಪುತ್ರನ ಲೆಕ್ಕಕ್ಕೇ ಹಾಕಿತ್ತು. ಗುಡ್ಡದಿಂದ ಮರಳುವಾಗಲೆಲ್ಲ ಆ ನೆಟ್ಟಗಿನ, ನುಣ್ಣನೆಯ ರಸ್ತೆಯಲ್ಲಿ ವ್ಯಾನು ಕಾಲ್ನಡಿಗೆಗೆ ಇಳಿಯುತ್ತಿತ್ತು.

“ಇಲ್ಲಿ ಯಾಕ ನಿಧಾನ ಮಾಡತಿದ್ರು?” ಮೊದಲ ಸಲ ದಾನಮ್ಮ ಕೇಳಿದಳು.

“ಗೊತ್ತಿಲ್ಲ.”

“ನಿಮಗೂ ಗೊತ್ತಿಲ್ಲಂದ್ರ ಏನೋ ಒಂದು ಇರಬೇಕು,” ಎಂದು ಅವಳು ಮರಗಳನ್ನು ನೋಡಿದಳು. “ಅವರಿಗೆ ಹುಣಸಿ ಚಿಗುರು ಅಂದ್ರ ಭಾಳ ಸೇರತಿತ್ತು.”

ಎರಡನೆಯ ಸಲವೂ ಅವಳು ಹಾಗೆಯೇ ನೋಡಿದಳು, ಮುಖದಲ್ಲಿ ಒಂದು ಮೆತ್ತಗಿನ ಬೆಳಕು ಇಟ್ಟುಕೊಂಡು. ಫಕ್ಕೀರೇಶ ಹಲ್ಲು ಕಚ್ಚಿದ. ಇಡೀ ದಾರಿಯಲ್ಲಿ ತನ್ನದೆಂಬುದು ಇದೊಂದೇ ಇತ್ತು, ಅದೂ ಸತ್ತವನ ಪಾಲಾಗಿತ್ತು. ಮನೆಗೆ ಬಂದವನೇ ಅವಳಿಗೆ ಕೇಳಿಸದಂತೆ ಡಾ. ಇಟಗಿಯವರಿಗೆ ಫೋನು ಮಾಡಿದ. ‘ಕಾರಣ ತಿಳಿಯದು’ ಎಂದು ಬರೆದದ್ದನ್ನು ಮಾತ್ರ ಅಳಿಸಬಹುದೇ? ಅಳಿಸಬಹುದು, ಇಲ್ಲಿಂದಲೇ ಆಗುತ್ತದೆ, ಅಳಿಸಲೇ ಎಂದರು ಅವರು. ಅವನು ಫೋನು ಹಿಡಿದುಕೊಂಡು ನಿಂತ. ಇದ್ದರೆ ಶಿವಪುತ್ರನದು, ಅಳಿಸಿದರೆ ಯಾರದೂ ಅಲ್ಲ. “ಬ್ಯಾಡ್ರಿ, ಇರಲಿ” ಎಂದ.

ಮುಂದಿನ ಸಲ ಗುಡ್ಡದಿಂದ ಬರುವಾಗ ಪೆಟ್ಟಿಗೆಗಳ ತುಂಬ ಜೇನಿತ್ತು. ಹುಣಸೆಮರಗಳು ಬಂದವು, ವ್ಯಾನು ಮೆಲ್ಲಗಾಯಿತು. ದಾನಮ್ಮ ಕಿಟಕಿಯ ಗಾಜು ಇಳಿಸಿದಳು.

“ಏನ ನೋಡತಿದ್ರೋ ಇಲ್ಲಿ,” ಎಂದಳು, ತನ್ನಷ್ಟಕ್ಕೇ ಎಂಬಂತೆ.

“ಅದು ಅವರಲ್ಲ,” ಎಂದ ಫಕ್ಕೀರೇಶ.

ಅವಳು ತಿರುಗಿದಳು.

“ನಾನು. ಡಾಕ್ಟ್ರು ಬಂದಾಗ, ತಿರುಗಿ ಬರೂ ಮುಂದ. ನೀ ಮಲಗಿದ್ದಿ. ಬಿಸಲ ಹೊಡೀತಿತ್ತು, ಇಲ್ಲಿ ನೆರಳ ಬಂತು. ಎಚ್ಚರಾಗಬಾರದಂತ ಬಿಟ್ಟೆ.” ಅವನು ಎದುರಿನ ರಸ್ತೆಯನ್ನೇ ನೋಡುತ್ತಿದ್ದ. “ಯಂತ್ರಕ್ಕ ಅದು ತಿಳೀಲಿಲ್ಲ. ಅವರದಂತ ಬರಕೊಂಡೈತಿ.”

ಮರಗಳು ಒಂದೊಂದಾಗಿ ಹಿಂದೆ ಸರಿದವು. ಕಡೆಯ ಮರ ದಾಟಿ ವ್ಯಾನು ವೇಗ ಹೆಚ್ಚಿಸಿದಾಗ ದಾನಮ್ಮ ಗಾಜು ಏರಿಸಿದಳು.

“ಅದಕ್ಕ ತಿಳೀದಿದ್ರ ಬಿಡ್ರಿ,” ಎಂದಳು. “ನಂಗ ತಿಳೀತಲ್ಲ.”